ಗೇಮಿನ ಅಣಬೆ, ತೋಟದ ಕೊಳೆ

ವಿಡಿಯೋ ಗೇಮಿಗೆ ಅಣಬೆ ಹೊಸ ಪಾತ್ರವೇನಲ್ಲ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಅದನ್ನು ಮುಟ್ಟಿದ ಕೂಡಲೇ ಗಿಡ್ಡ ಮಾರಿಯೋ ದೊಡ್ಡವನಾಗುತ್ತಿದ್ದ. ಅಣಬೆ ನೆಲದ ಮೇಲೆ ಜಾರಿಕೊಂಡು ಓಡುವುದು ಹೇಗೆಂದು ಯಾವ ಮಗುವೂ ಕೇಳಲಿಲ್ಲ. 2013ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಬಂದಾಗ ಕಥೆ ಬೇರೆಯಾಯಿತು. ಅಲ್ಲಿ ಶಿಲೀಂಧ್ರವೊಂದು ಮನುಷ್ಯರ ಮೈ ಹೊಕ್ಕು, ತಲೆ ಸೀಳಿಕೊಂಡು ಹೊರಗೆ ಅರಳುತ್ತದೆ. ಕಣ್ಣು ಕಳೆದುಕೊಂಡ ಆ ಜೀವಿಗಳು ಲೊಟಗುಟ್ಟುತ್ತ, ಸದ್ದಿನ ಜಾಡಿನಲ್ಲೇ ಬೇಟೆ ಹುಡುಕುತ್ತವೆ.

ಇದು ಬರಿಯ ಕಲ್ಪನೆಯಲ್ಲ. ಉಷ್ಣವಲಯದ ಕಾಡುಗಳಲ್ಲಿ ಒಫಿಯೋಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಇರುವೆಯ ಮೈಯೊಳಗೆ ಬೆಳೆದು, ಅದನ್ನು ಗಿಡ ಹತ್ತಿಸಿ, ಎಲೆಯ ನರವನ್ನು ಕಚ್ಚಿಸಿ ಕೊಲ್ಲುತ್ತದೆ. ಬಳಿಕ ಸತ್ತ ಇರುವೆಯ ಕತ್ತಿನ ಹಿಂದಿನಿಂದ ಕಡ್ಡಿಯಂಥ ಕಾಂಡ ಹೊರಡುತ್ತದೆ. ಬಿಬಿಸಿಯ ‘ಪ್ಲಾನೆಟ್ ಅರ್ತ್’ ಸರಣಿ 2006ರಲ್ಲಿ ತೋರಿಸಿದ ಇಂಥ ದೃಶ್ಯವೇ ಆ ಗೇಮಿಗೆ ಪ್ರೇರಣೆ. ಸ್ವಾರಸ್ಯವೆಂದರೆ, ಶಿಲೀಂಧ್ರ ಇರುವೆಯ ಸ್ನಾಯುಗಳ ಸುತ್ತ ಬಲೆ ನೇಯುತ್ತದೆಯೇ ಹೊರತು ಮಿದುಳಿನೊಳಕ್ಕೆ ನುಗ್ಗುವುದಿಲ್ಲ ಎಂದು 2017ರ ಸಂಶೋಧನೆಯೊಂದು ತೋರಿಸಿತು.

ಅನಿಮೇಷನ್ ಕಲಾವಿದನಿಗೆ ಇಂಥ ವಿವರವೇ ಬಂಡವಾಳ. ವಿಕಾರ ರೂಪ ಬಿಡಿಸುವುದು ಕಷ್ಟವಲ್ಲ. ಆ ಜೀವಿ ಏನು ತಿನ್ನುತ್ತದೆ, ಹೇಗೆ ಹರಡುತ್ತದೆ, ಯಾವುದಕ್ಕೆ ಸೋಲುತ್ತದೆ ಎಂಬುದು ತಿಳಿದರೆ ಮಾತ್ರ ಅದರ ನಡೆ ನಂಬುವಂತಿರುತ್ತದೆ. ಅಂಥ ಪಾತ್ರ ಹುಡುಕಲು ದೂರದ ಕಾಡಿಗೆ ಹೋಗಬೇಕಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಬರುವ ಕೊಳೆರೋಗವೇ ಸಾಕು.

ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕಾರಕದ ಹೆಸರು ಫೈಟಾಫ್ತೊರಾ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನುಂಗಿ ಕ್ಷಾಮ ತಂದದ್ದು ಇದೇ ಕುಲದ ಜೀವಿ. (ಕಾಫಿಯ ಕೊಳೆರೋಗದ ಶಿಲೀಂಧ್ರ ಬೇರೆ. ಅದಕ್ಕೆ 1876ರಲ್ಲೇ ‘ಕೊಳೆರೋಗ’ ಎಂಬ ಕನ್ನಡ ಪದವನ್ನೇ ಸೇರಿಸಿ ವೈಜ್ಞಾನಿಕ ಹೆಸರಿಟ್ಟರು!)

ಫೈಟಾಫ್ತೊರಾ ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ವಂಶಾವಳಿಯಲ್ಲಿ ಅದು ಸಮುದ್ರದ ಕಂದು ಪಾಚಿಗೆ ಹತ್ತಿರ. ಅದರ ಬೀಜಕಗಳಿಗೆ ಎರಡೆರಡು ಬಾಲ. ಅಡಿಕೆ ಕಾಯಿಯ ಮೇಲೆ ನಿಂತ ತೆಳು ನೀರಿನ ಪದರದಲ್ಲೇ ಅವು ಈಜುತ್ತವೆ. ತಕ್ಕ ಜಾಗ ಸಿಕ್ಕರೆ ಬಾಲ ಕಳಚಿ, ಕೋಶ ಕಟ್ಟಿಕೊಂಡು, ಮೊಳಕೆಯೊಡೆದು ಒಳಕ್ಕೆ ಇಳಿಯುತ್ತವೆ. ಹೊರಗೆ ಕಾಣುವುದು ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ, ಆಮೇಲೆ ಬಿಳಿ ಬೂಷ್ಟು, ಕೊನೆಗೆ ಮರದ ಬುಡದ ತುಂಬ ಉದುರಿದ ಕಾಯಿ. ಇದನ್ನು ಗಾಳಿಯಲ್ಲಿ ಹಾರುವ ಪುಡಿಯಂತೆ ಚಿತ್ರಿಸಿದರೆ ಅರ್ಧ ಕಥೆ ತಪ್ಪಿದಂತೆ. ಇದರ ರಂಗಸ್ಥಳ ನೀರು. ಮಳೆ ಬಿಟ್ಟು ಕಾಯಿ ಒಣಗಿತೋ, ಖಳನಾಯಕನ ಕೈಕಾಲು ಕಟ್ಟಿದಂತೆ.

ಮಲೆನಾಡಿನ ರೈತರಿಗೆ ಇದು ಅನುಭವದಿಂದ ಗೊತ್ತಿತ್ತು. ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದುದು ನೀರು ತಾಗದಿರಲೆಂದೇ. ಬಳಿಕ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಂತು: ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಗೇಮಿನಲ್ಲಿ ಔಷಧಿಯ ಸೀಸೆ ಕೈಗೆ ಸಿಕ್ಕರೆ ಕಳೆದ ಪ್ರಾಣ ಮರಳುತ್ತದೆ. ಬೋರ್ಡೋ ಹಾಗಲ್ಲ. ಒಳಹೊಕ್ಕ ರೋಗವನ್ನು ಅದು ವಾಸಿ ಮಾಡದು. ಕಾಯಿಯ ಮೇಲೆ ತಾಮ್ರದ ಗೋಡೆ ಕಟ್ಟುತ್ತದೆ, ಅಷ್ಟೆ. ಹಾಗಾಗಿ ಮಳೆ ಹಿಡಿಯುವ ಮೊದಲೇ ಒಮ್ಮೆ, ಸುಮಾರು ನಲವತ್ತು ದಿನ ಬಿಟ್ಟು ಮತ್ತೊಮ್ಮೆ ಮದ್ದು ಹೊಡೆಯಬೇಕು. ಜುಲೈ ತಿಂಗಳಲ್ಲಿ ಬಿಸಿಲಿಗಾಗಿ ಕಾಯುತ್ತ, ಜಾರುವ ಮರ ಏರುವವರಿಗಾಗಿ ಪರದಾಡುತ್ತ ಇರುವ ರೈತನಿಗೆ ಈ ಲೆಕ್ಕದಲ್ಲಿ ಒಂದು ವಾರ ತಪ್ಪಿದರೂ ವರ್ಷದ ಫಸಲಿಗೆ ಪೆಟ್ಟು.

ಕೊಳೆ ರಭಸದ ಶತ್ರುವಾದರೆ ಈ ಮೂರು ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ಸವೆಸುತ್ತಿರುವ ಹಳದಿ ಎಲೆ ರೋಗ ನಿಧಾನದ ಶತ್ರು. ಅದರ ಮೂಲ ಫೈಟೋಪ್ಲಾಸ್ಮಾ; ಕೋಶಕ್ಕೆ ಗೋಡೆಯೂ ಇಲ್ಲದ, ಮರದ ಆಹಾರನಾಳದೊಳಗೆ ಬದುಕುವ ಸೂಕ್ಷ್ಮಾಣು. ರಸ ಹೀರುವ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಗರಿಯ ತುದಿ ಹಳದಿಯಾಗುತ್ತದೆ, ಕಾಯಿಯ ತಿರುಳು ಕಪ್ಪಾಗುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಮರ ಮಾತ್ರ ನಿಂತೇ ಇರುತ್ತದೆ. ಇದನ್ನು ಅನಿಮೇಷನ್ನಿನಲ್ಲಿ ತೋರಿಸಬೇಕಾದರೆ ಹತ್ತಾರು ವರ್ಷಗಳನ್ನು ಒಂದು ನಿಮಿಷಕ್ಕೆ ಇಳಿಸಬೇಕು. ಮೈಲುತುತ್ತ ಇದರ ಮೇಲೆ ನಡೆಯದು. ಮರವನ್ನು ಗುಣಪಡಿಸುವ ಔಷಧಿ ಇನ್ನೂ ಸಿಕ್ಕಿಲ್ಲ.