ಮಕ್ಕಳ ಗೆಜ್ಜೆ, ಹೆತ್ತವರ ಹೆಜ್ಜೆ

ವಿಜಯದಶಮಿ ಸಮೀಪಿಸಿತೆಂದರೆ ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ. ಹುಡುಗಿಯನ್ನು ನೃತ್ಯಕ್ಕೆ ಸೇರಿಸುವುದೆ, ಬೇಡವೆ? ಮಗಳ ಆಸೆ, ತಾಯಿಯ ಒತ್ತಾಸೆ, ತಂದೆಯ ತಿಂಗಳ ಸಂಬಳ, ಇವುಗಳ ನಡುವೆ ಕೆಲವು ದಿನ ಜಗ್ಗಾಟ ನಡೆದು, ಕೊನೆಗೆ ಸೇರಿಸುವುದೆಂದೇ ನಿಶ್ಚಯವಾಗುತ್ತದೆ. ಆಮೇಲೆ ಹುಡುಕುತ್ತ ಹೋದವರಿಗೆ ದೊರೆಯುವುದು ಬಹುಮಟ್ಟಿಗೆ ಒಂದು ಮನೆಯೇ ಹೊರತು ಶಾಲೆಯಲ್ಲ. ಗುರುಗಳು ತಟ್ಟುಮಣೆಯ ಮುಂದೆ ಕುಳಿತಿರುತ್ತಾರೆ; ಅವರ ಪತ್ನಿ ಹಾಡುತ್ತಾರೆ; ಮಗಳು ಚಿಕ್ಕ ಮಕ್ಕಳಿಗೆ ಅಡವು ಹೇಳಿಕೊಡುತ್ತಾಳೆ; ಮಗನಿಗೆ ಮೃದಂಗ. ಒಳಗಿನಿಂದ ಒಗ್ಗರಣೆಯ ವಾಸನೆಯೂ ಬರುತ್ತಿರುತ್ತದೆ. ಇಂಥ ಮನೆಯೊಳಗೆ ಕಾಲಿಟ್ಟ ಹೆತ್ತವರ ಸುಖದುಃಖಗಳನ್ನು ಕುರಿತು ನಮ್ಮಲ್ಲಿ ಬಹಿರಂಗವಾಗಿ ಮಾತನಾಡುವವರು ಕಡಿಮೆ.

ಮನೆಯೇ ಶಾಲೆಯಾಗುವ ಪದ್ಧತಿ ಈ ಸೀಮೆಗೆ ಹೊಸದೇನೂ ಅಲ್ಲ. ಕೃಷ್ಣಾ ಜಿಲ್ಲೆಯ ಕೂಚಿಪೂಡಿಯಲ್ಲಿ ಇಡೀ ಗ್ರಾಮವೇ ಒಂದು ನೃತ್ಯಶಾಲೆಯಾಗಿತ್ತು. ವೇದಾಂತಂ, ವೆಂಪಟಿ, ಚಿಂತಾ, ಪಸುಮರ್ತಿ ಮುಂತಾದ ಮನೆತನಗಳು ತಂದೆಯಿಂದ ಮಗನಿಗೆ ವಿದ್ಯೆಯನ್ನು ದಾಟಿಸುತ್ತ ಬಂದವು. ಮನೆತನದ ಪ್ರತಿಯೊಬ್ಬ ಗಂಡುಮಗನೂ ಜೀವಮಾನದಲ್ಲಿ ಒಮ್ಮೆಯಾದರೂ ಸತ್ಯಭಾಮೆಯ ವೇಷ ಕಟ್ಟಬೇಕೆಂದು ಸಿದ್ಧೇಂದ್ರ ಯೋಗಿಗಳು ಹಿರಿಯರಿಂದ ಭಾಷೆ ಪಡೆದರೆಂದು ಪ್ರತೀತಿ. ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಷಾ ಇವರ ಆಟವನ್ನು ಮೆಚ್ಚಿ ಗ್ರಾಮವನ್ನೇ ಉಂಬಳಿಯಾಗಿ ಕೊಟ್ಟನೆಂದೂ ಹೇಳುವುದುಂಟು. ಆದರೆ ಆ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಗೆಜ್ಜೆಯಿರಲಿಲ್ಲ. ಅವರಿಗೆ ಬಾಗಿಲು ತೆರೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದೇ ಗ್ರಾಮದ ವೆಂಪಟಿ ಚಿನ್ನಸತ್ಯಂ ಅವರು 1963ರಲ್ಲಿ ಮದರಾಸಿನಲ್ಲಿ ಕೂಚಿಪೂಡಿ ಆರ್ಟ್ ಅಕಾಡೆಮಿಯನ್ನು ಆರಂಭಿಸಿದ ಮೇಲಂತೂ ಹೆಣ್ಣುಮಕ್ಕಳದೇ ಮೇಲುಗೈಯಾಯಿತು.

ಮನೆಯ ಶಾಲೆಯ ಹಿತವೇನೆಂಬುದನ್ನು ಮೊದಲು ಹೇಳಬೇಕು. ಮಗುವಿಗೆ ಜ್ವರ ಬಂದರೆ ಗುರುಪತ್ನಿ ಕಷಾಯ ಮಾಡಿ ಕೊಡುತ್ತಾರೆ. ತಂದೆ ಬರುವುದು ತಡವಾದರೆ ಮಗು ಅಲ್ಲಿಯೇ ಉಂಡು ಮಲಗಿರುತ್ತದೆ. ಹೋಟೆಲಿನಲ್ಲಿ ದುಡಿಯುವವನಿಗೆ ಇದು ಸಣ್ಣ ಉಪಕಾರವಲ್ಲ. ಭಾನುವಾರ ಗಿರಾಕಿಗಳ ದಿನ, ನೃತ್ಯದ ಪಾಠಕ್ಕೂ ಅದೇ ದಿನ! ಅಡುಗೆಮನೆಯ ಮೇಸ್ತ್ರಿಯಾಗಲಿ, ಗಲ್ಲದ ಮೇಲೆ ಕೂರುವವನಾಗಲಿ, ಅಂದು ರಜೆ ಕೇಳುವಂತಿಲ್ಲ. ಆದ್ದರಿಂದ ಮಗುವನ್ನು ಕರೆದೊಯ್ಯುವುದು, ಮೆಟ್ಟಿಲ ಮೇಲೆ ಕಾಯುವುದು, ಕರೆತರುವುದು ಎಲ್ಲವೂ ತಾಯಿಯ ಪಾಲಿಗೆ. ತಂದೆ ಮಗಳ ನೃತ್ಯವನ್ನು ಕಾಣುವುದು ವಾರ್ಷಿಕೋತ್ಸವದಂದು, ಅದೂ ಪಾಳಿ ಬದಲಿಸಿಕೊಳ್ಳಲು ಸಾಧ್ಯವಾದರೆ. ಗುಮಾಸ್ತರ ಸ್ಥಿತಿ ಸ್ವಲ್ಪ ಮೇಲು, ಅಷ್ಟೆ.

ಆದರೆ ಮನೆಯೆಂದ ಮೇಲೆ ಮನೆಯ ಸಂಕೋಚಗಳೂ ಇದ್ದೇ ಇರುತ್ತವೆ. ಶಾಲೆಯಾದರೆ ಶುಲ್ಕದ ರಶೀದಿಯನ್ನು ಕೇಳಬಹುದು, ಲೆಕ್ಕ ಕೇಳಬಹುದು. ‘ಅಕ್ಕ’ ಎಂದು, ‘ಅಮ್ಮ’ ಎಂದು ಕರೆದ ಬಾಯಿಂದ ಹಣದ ಮಾತು ಹೊರಡುವುದು ಕಷ್ಟ. ಗುರುಗಳ ಮಗಳೇ ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ನಿಂತರೆ ತಾಯಂದಿರು ತಮ್ಮ ತಮ್ಮಲ್ಲಿ ಗೊಣಗಿಕೊಳ್ಳುತ್ತಾರೆ, ಗುರುಗಳೆದುರು ನಗುತ್ತಾರೆ. ಗುರುಭಕ್ತಿ ದೊಡ್ಡದೆಂಬುದು ಸರಿಯಷ್ಟೆ. ಆದರೂ ವರ್ಷದ ಆರಂಭದಲ್ಲಿಯೇ ಶುಲ್ಕವೆಷ್ಟು, ವೇಷಭೂಷಣ ಯಾರದು, ವಾರ್ಷಿಕೋತ್ಸವಕ್ಕೆ ಕೊಡಬೇಕಾದುದೆಷ್ಟು ಎಂದು ವಿನಯದಿಂದ ಕೇಳಿ ತಿಳಿಯುವುದು ಭಕ್ತಿಗೆ ವಿರೋಧವಲ್ಲವೆಂದು ನಮ್ಮ ಅಭಿಪ್ರಾಯ. ಉತ್ತಮ ಗುರುಗಳು ಇದಕ್ಕೆ ಬೇಸರಿಸರು.

ನಿಜವಾದ ಪೇಚು ರಂಗಪ್ರವೇಶದ್ದು. ಐದಾರು ವರ್ಷದ ಕಲಿಕೆಯ ಬಳಿಕ ಮಗಳು ಒಬ್ಬಳೇ ರಂಗಕ್ಕೇರಿ ಪೂರ್ಣ ಕಾರ್ಯಕ್ರಮ ಕೊಡಬೇಕು. ಸಭಾಂಗಣದ ಬಾಡಿಗೆ, ಹಾಡುಗಾರಿಕೆ, ನಟ್ಟುವಾಂಗ, ಮೃದಂಗ, ಪಿಟೀಲು, ಕೊಳಲಿನವರ ಸಂಭಾವನೆ, ರೇಷ್ಮೆಯ ಉಡುಪು, ಆಭರಣ, ಮುಖವರ್ಣಿಕೆ, ಆಮಂತ್ರಣ, ಗುರುಕಾಣಿಕೆ, ಬಂದವರಿಗೆ ಊಟ. ಇವೆಲ್ಲವೂ ಸೇರಿ ಅದೊಂದು ಸಣ್ಣ ಮದುವೆಯೇ ಆಗುತ್ತದೆ. 1961ರಲ್ಲಿ ತೆರೆದ ರವೀಂದ್ರ ಭಾರತಿಯಂಥ ರಂಗಮಂದಿರದಲ್ಲಿಯೇ ಆಗಬೇಕೆಂಬ ಹಂಬಲ ಬೇರೆ. ಸಾಲ ಮಾಡಿ ರಂಗಪ್ರವೇಶ ನಡೆಸಿ, ಮರುವರ್ಷವೇ ಮಗಳ ಗೆಜ್ಜೆಯನ್ನು ಪೆಟ್ಟಿಗೆಗೆ ಸೇರಿಸಿದ ಮನೆಗಳೂ ಉಂಟು. ಟಿ. ಬಾಲಸರಸ್ವತಿಯವರ ರಂಗಪ್ರವೇಶ ನಡೆದದ್ದು 1925ರಲ್ಲಿ, ಏಳನೆಯ ವಯಸ್ಸಿನಲ್ಲಿ, ಕಾಂಚೀಪುರದ ಒಂದು ಅಮ್ಮನ ಗುಡಿಯಲ್ಲಿ. ಗುಡಿಯ ಜಗಲಿ ಆಕೆಗೆ ಸಾಕಾಗಿದ್ದರೆ ನಮ್ಮ ಹುಡುಗಿಯರಿಗೆ ಏಕೆ ಸಾಲದು? ರಂಗಪ್ರವೇಶವಿಲ್ಲದೆ ವಿದ್ಯೆ ಪೂರ್ಣವಾಗದೆಂಬ ನಿಯಮವನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಪರೀಕ್ಷೆ, ಪ್ರಮಾಣಪತ್ರಗಳನ್ನು ಬಯಸುವವರಿಗೆ ರಾಮಕೋಟಿಯಲ್ಲಿ 1952ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಗೀತ ಮತ್ತು ನೃತ್ಯ ಕಾಲೇಜಿನ ದಾರಿಯೂ ಉಂಟು.

ಇಷ್ಟೆಲ್ಲ ಹೇಳಿದ್ದರಿಂದ ಮಗಳನ್ನು ಕಳುಹಿಸಬೇಡಿರೆಂದು ಅರ್ಥವಲ್ಲ. ‘ನೃತ್ಯ ನಮ್ಮಂಥವರಿಗಲ್ಲ’ ಎಂದು ನಿಟ್ಟುಸಿರಿಡುವ ತಂದೆಯಂದಿರು ಮೈಸೂರಿನ ಕೆ. ವೆಂಕಟಲಕ್ಷಮ್ಮನವರನ್ನು ನೆನೆಯಬೇಕು. 1906ರಲ್ಲಿ ಕಡೂರಿನ ಬಳಿಯ ತಂಗಲಿ ತಾಂಡ್ಯದಲ್ಲಿ, ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಮಗು ಅದು. ಎಂಟನೆಯ ವಯಸ್ಸಿನಲ್ಲಿ ಅಜ್ಜ ಅಜ್ಜಿಯರು ಕೈಹಿಡಿದು ಮೈಸೂರಿಗೆ ತಂದು ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರಿಗೆ ಒಪ್ಪಿಸಿದರು. ಮುಂದೆ ಆಕೆ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯವಿಭಾಗದಲ್ಲಿ ಅಧ್ಯಾಪಕರಾದರು. 1992ರಲ್ಲಿ ಪದ್ಮಭೂಷಣ ಬಂದಿತು. ತಾಂಡ್ಯದ ಆ ಮುದುಕರಿಗೆ ಯಾವ ಧೈರ್ಯವಿತ್ತೆಂದು ಯೋಚಿಸಿದರೆ ಬೆರಗಾಗುತ್ತದೆ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮಾಯಾರಾವ್ ಅವರದು ಇನ್ನೊಂದು ಬಗೆ. ವಾಸ್ತುಶಿಲ್ಪಿಯಾಗಿದ್ದ ತಂದೆ ಹಟ್ಟಂಗಡಿ ಸಂಜೀವರಾಯರು 1942ರಲ್ಲಿ ಉದಯಶಂಕರರ ತಂಡದ ನೃತ್ಯವನ್ನು ನೋಡಿ ಬಂದು, ಸಾರಸ್ವತ ಸಮಾಜದ ಆಕ್ಷೇಪವನ್ನು ಲೆಕ್ಕಿಸದೆ ಮೂವರು ಹೆಣ್ಣುಮಕ್ಕಳನ್ನೂ ನೃತ್ಯಕ್ಕೆ ಹಾಕಿದರು. ಕೆಲವೇ ವರ್ಷಗಳಲ್ಲಿ ತಂದೆ ತೀರಿಕೊಂಡು ಮನೆಯ ಉಳಿತಾಯವೂ ಕರಗಿದಾಗ, ಹದಿಹರೆಯದ ಮಾಯಾ ನೃತ್ಯಪಾಠ ಹೇಳಿ ಸಂಸಾರವನ್ನು ನಡೆಸಿದರು. ತಂದೆ ವಿನೋದಕ್ಕೆಂದು ಕಲಿಸಿದ ವಿದ್ಯೆಯಿಂದಲೇ ಆ ಮನೆಯ ಒಲೆ ಉರಿಯಿತು.

ನಮ್ಮ ಹೈದರಾಬಾದಿನವರೇ ಆದ ಶೋಭಾ ನಾಯ್ಡು ಅವರ ತಾಯಿ ಸರೋಜಿನೀದೇವಿಯವರೂ ಸ್ಮರಣೀಯರು. 1956ರಲ್ಲಿ ಅನಕಾಪಲ್ಲಿಯಲ್ಲಿ ಹುಟ್ಟಿದ ಮಗಳನ್ನು, ಅತ್ತೆಮಾವಂದಿರ ವಿರೋಧವನ್ನು ಎದುರಿಸಿ ಆ ತಾಯಿ ನೃತ್ಯಕ್ಕೆ ಸೇರಿಸಿದರು. ಮುಂದೆ ಮಗಳು ಚಿನ್ನಸತ್ಯಂ ಅವರ ಶಿಷ್ಯೆಯಾಗಿ, ಹೈದರಾಬಾದಿನ ಕೂಚಿಪೂಡಿ ಆರ್ಟ್ ಅಕಾಡೆಮಿಯ ಪ್ರಾಂಶುಪಾಲೆಯಾಗಿ ಹಲವು ಪೀಳಿಗೆಯ ಮಕ್ಕಳನ್ನು ತಿದ್ದಿ, 2020ರಲ್ಲಿ ಇದೇ ನಗರದಲ್ಲಿ ಕಣ್ಮುಚ್ಚಿದರು.

ಭಾಷೆಯ ವಿಷಯವೊಂದು ಉಳಿಯಿತು. ಇಲ್ಲಿ ಮಕ್ಕಳು ಕಲಿಯುವ ಪದಗಳು ಬಹುಪಾಲು ತೆಲುಗಿನವು. ಶಾಲೆಯಲ್ಲಿಯೂ ತೆಲುಗು, ನೃತ್ಯದಲ್ಲಿಯೂ ತೆಲುಗು. ಕನ್ನಡ ಊಟದ ಮನೆಗೆ ಮಾತ್ರವೇ ಎಂದು ಕೊರಗುವ ಹಿರಿಯರನ್ನು ಕಾಚಿಗೂಡದ ಕಡೆ ಎಷ್ಟೋ ಮಂದಿ ಕಾಣಬಹುದು. ತೆಲುಗಿನ ಪದಗಳನ್ನು ದೂರುವುದು ಸಲ್ಲದು. ಅವುಗಳ ಸೊಗಸೇ ಸೊಗಸು. ಆದರೆ ತಾಯಿಯೊಬ್ಬಳು ದಾಸರ ಒಂದು ದೇವರನಾಮವನ್ನು ಬರೆದೊಯ್ದು, ಮಾತುಮಾತಿಗೂ ಅರ್ಥ ಹೇಳಿ, ಮಗಳಿಗೆ ಇದನ್ನೂ ಕಲಿಸಿರೆಂದು ಕೇಳಿದರೆ ಒಲ್ಲೆನೆನ್ನುವ ಗುರುಗಳು ವಿರಳ. ಬಾಲಸರಸ್ವತಿಯವರಿಗೆ ತಾಯಿ ಜಯಮ್ಮಾಳ್ ಸ್ವತಃ ಹಾಡುತ್ತಿದ್ದರು. ಆಕೆಯ ಅಭಿನಯಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ವ್ಯಾಸರಾಯರದೆಂದು ಹೇಳುವ, ಯಮುನಾಕಲ್ಯಾಣಿ ರಾಗದ ಕೃಷ್ಣನ ಪದ. 1976ರಲ್ಲಿ ಸತ್ಯಜಿತ್ ರೇ ಆಕೆಯನ್ನು ಕುರಿತು ಚಿತ್ರ ತೆಗೆದಾಗ, ಕಡಲ ದಂಡೆಯ ಗಾಳಿಯಲ್ಲಿ ನಿಂತು ಆಕೆ ಅಭಿನಯಿಸಿದ್ದು ಆ ಕನ್ನಡ ಪದವನ್ನೇ.