ಸಿಂಕಿನ ನೀರು ಏಕೆ ನಿಧಾನವಾಗಿ ಇಳಿಯುತ್ತದೆ?

ಅಮೆರಿಕದ ಬಹಳಷ್ಟು ಮನೆಗಳಲ್ಲಿ ಅಡುಗೆಮನೆಯ ಸಿಂಕಿನ ಕೆಳಗೆ ಒಂದು ಯಂತ್ರವಿರುತ್ತದೆ. ಎಂಜಲು, ತರಕಾರಿ ಸಿಪ್ಪೆಗಳನ್ನು ಅರೆದು ನೀರಿನೊಡನೆ ಒಳಚರಂಡಿಗೆ ಕಳಿಸುವುದು ಅದರ ಕೆಲಸ. ಅದಕ್ಕೆ ಗಾರ್ಬೇಜ್ ಡಿಸ್ಪೋಸಲ್ ಎಂದು ಹೆಸರು. ವಿಸ್ಕಾನ್ಸಿನ್ ರಾಜ್ಯದ ರಸೀನ್ ನಗರದ ವಾಸ್ತುಶಿಲ್ಪಿ ಜಾನ್ ಹ್ಯಾಮ್ಸ್ 1927ರಲ್ಲಿ ಇದನ್ನು ರೂಪಿಸಿದರು. ಸಿಂಕಿನಲ್ಲಿ ನೀರು ನಿಲ್ಲುವುದು ಈ ಯಂತ್ರವಿರುವ ಮನೆಗಳಲ್ಲಿ ಆಗಾಗ ಕಾಣುವ ತೊಂದರೆ. ಅದರ ಹಿಂದಿರುವ ಭೌತವಿಜ್ಞಾನ ಗಮನಾರ್ಹ.

ಯಂತ್ರದ ಒಳಗೆ

ಇದರಲ್ಲಿ ಮಿಕ್ಸಿಯಂತೆ ಹರಿತವಾದ ಅಲಗುಗಳಿಲ್ಲ. ತಿರುಗುವ ಲೋಹದ ತಟ್ಟೆಯ ಮೇಲೆ ಮೊಂಡಾದ ಲೋಹದ ತುಂಡುಗಳಿರುತ್ತವೆ. ತಟ್ಟೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ ಆಹಾರದ ಚೂರುಗಳು ಜಡತ್ವದಿಂದ ಅಂಚಿಗೆ ಸರಿದು, ಸುತ್ತಲಿನ ಸ್ಥಿರವಾದ ಉಂಗುರಕ್ಕೆ ಉಜ್ಜಿ ಪುಡಿಯಾಗುತ್ತವೆ.

ನಾಲ್ಕನೆಯ ಘಾತವೇ?

ಕೊಳವೆಯಲ್ಲಿ ಹರಿವು ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಪ್ವಾಸೇಯ್ ನಿಯಮ: ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಇದರಂತೆ ವ್ಯಾಸ ಅರ್ಧವಾದರೆ ಹರಿವು 1/16ಕ್ಕೆ ಇಳಿಯಬೇಕು. ಆದರೆ ಈ ನಿಯಮ ಪದರ ಹರಿವಿಗೆ ಮಾತ್ರ ಅನ್ವಯಿಸುತ್ತದೆ. ಸಿಂಕಿನ ಕೊಳವೆಯ ವ್ಯಾಸ ಸುಮಾರು 38 ಮಿ.ಮೀ. ನೀರಿನ ವೇಗ ಸೆಕೆಂಡಿಗೆ 1 ಮೀಟರ್ ಎಂದುಕೊಂಡರೆ ರೆನಾಲ್ಡ್ಸ್ ಸಂಖ್ಯೆ ಸುಮಾರು 38,000. ಪದರ ಹರಿವಿನ ಮಿತಿಯೋ ಸುಮಾರು 2,000. ಹೀಗಾಗಿ ಇಲ್ಲಿನದು ಪ್ರಕ್ಷುಬ್ಧ ಹರಿವು. ಕೊಳವೆ ತುಂಬಿ ಹರಿಯುವಾಗ ಇದು ಸರಿಸುಮಾರು ವ್ಯಾಸದ 2.5ನೆಯ ಘಾತವನ್ನು ಅನುಸರಿಸುತ್ತದೆ. ಕೊಳವೆಯ ಉದ್ದಕ್ಕೂ 9.5 ಮಿ.ಮೀ. ದಪ್ಪ ಜಿಡ್ಡು ಕಟ್ಟಿದರೆ ವ್ಯಾಸ ಅರ್ಧವಾಗಿ, ಹರಿವು ಸುಮಾರು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಒಂದೊಂದು ಮೀಟರ್ ಉದ್ದದ, 12 ಮತ್ತು 6 ಮಿ.ಮೀ. ಒಳವ್ಯಾಸದ ಕೊಳವೆಗಳಲ್ಲಿ ಅರ್ಧ ಮೀಟರ್ ಎತ್ತರದಿಂದ ನೀರು ಹರಿಸಿ ಅಳೆಯಿರಿ. ಹರಿವುಗಳ ಅನುಪಾತ 16ಕ್ಕಿಂತ ಬಹಳ ಕಡಿಮೆ ಬರುತ್ತದೆ.

ಅಡ್ಡಿ ಎಲ್ಲಿದೆ?

ಅರೆಯುವ ಕೋಣೆ, ಅದರ ಮುಂದಿನ ಟ್ರ್ಯಾಪ್ ಎಂಬ ಬಾಗು ಕೊಳವೆ, ಗೋಡೆಯೊಳಗಿನ ಕೊಳವೆ — ಇವು ಸರಣಿಯಲ್ಲಿ ಜೋಡಿಸಿದ ರೋಧಗಳಂತೆ. ಬಿಚ್ಚುವ ಮೊದಲೇ ಕೆಲವು ಸುಳಿವುಗಳು ಸಿಗುತ್ತವೆ. ಯಂತ್ರ ನಡೆಸಿದೊಡನೆ ನೀರು ಸರಾಗವಾಗಿ ಇಳಿದರೆ, ಅಡ್ಡಿ ಅರೆಯುವ ಕೋಣೆಯಲ್ಲೇ ಇತ್ತೆಂದು ತಿಳಿಯಬಹುದು. ಎರಡು ತೊಟ್ಟಿಗಳ ಸಿಂಕಿನಲ್ಲಿ ಒಂದರ ನೀರು ಇನ್ನೊಂದರಲ್ಲಿ ಮೇಲೇರಿದರೆ, ಅಡ್ಡಿ ಎರಡು ಕೊಳವೆಗಳೂ ಕೂಡುವ ಜಾಗದ ಆಚೆಗಿದೆ. ಗುಳುಗುಳು ಸದ್ದು ಬಂದರೆ ಕೊಳವೆಗೆ ಗಾಳಿ ಸರಿಯಾಗಿ ಒದಗುತ್ತಿಲ್ಲವೆಂಬ ಅನುಮಾನಕ್ಕೆ ಎಡೆಯಿದೆ.

ಸರಿಪಡಿಸುವ ಕ್ರಮ

ಮೊದಲು ಯಂತ್ರದ ಪ್ಲಗ್ ಕಿತ್ತಿಡಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ಒಳಗೆ ಕೈ ಹಾಕದೆ, ಟಾರ್ಚ್ ಬೆಳಕಿನಲ್ಲಿ ನೋಡಿ, ಚೂರುಗಳನ್ನು ಇಕ್ಕಳದಿಂದ ತೆಗೆಯಬೇಕು. ಅನಂತರ ಎರಡನೆಯ ತೊಟ್ಟಿಯ ಬಾಯಿಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ರಬ್ಬರ್ ಪ್ಲಂಜರ್ ಮುಳುಗುವಷ್ಟು ನೀರು ನಿಲ್ಲಿಸಿ ಒತ್ತಬೇಕು. ನೀರು ಬಹುಮಟ್ಟಿಗೆ ಅಸಂಪೀಡ್ಯ. ಆದ್ದರಿಂದ ಪ್ಯಾಸ್ಕಲ್ ನಿಯಮದಂತೆ ಒತ್ತಡ ಅಡ್ಡಿಯವರೆಗೆ ತಲುಪುತ್ತದೆ. ಇನ್ನೊಂದು ಬಾಯಿ ತೆರೆದಿದ್ದರೆ ಅದು ಅಲ್ಲೇ ಸೋರಿಹೋಗುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಕೆಳಗೆ ಬಕೆಟ್ ಇಟ್ಟು ಟ್ರ್ಯಾಪ್ ಬಿಚ್ಚಿ ತೊಳೆಯಬೇಕು. ಆಗಲೂ ಸರಿಹೋಗದಿದ್ದರೆ ಗೋಡೆಯ ಕೊಳವೆಯೊಳಕ್ಕೆ ಸುರುಳಿ ತಂತಿ ತೂರಿಸಬೇಕು.

ಕೊಳವೆ ತೊಳೆಯುವ ರಾಸಾಯನಿಕಗಳ ಮೊರೆ ಹೋಗುವುದು ಅಪಾಯ. ಇಂತಹ ಹಲವು ಪುಡಿಗಳಲ್ಲಿರುವ ಸೋಡಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವಾಗ ಬಹಳ ಶಾಖ ಬಿಡುತ್ತದೆ. ಅಡ್ಡಿ ಬಿಡದಿದ್ದರೆ ಈ ಪ್ರಬಲ ಕ್ಷಾರ ಒಳಗೇ ನಿಂತು, ಪ್ಲಂಜರ್ ಒತ್ತುವವರ ಅಥವಾ ಟ್ರ್ಯಾಪ್ ಬಿಚ್ಚುವವರ ಕಣ್ಣು, ಚರ್ಮಗಳನ್ನು ಸುಡಬಲ್ಲದು.

ತಡೆಯುವುದು ಹೇಗೆ?

ಅರೆಯುವಾಗ ತಣ್ಣೀರು ಬಿಡಬೇಕು. ಬಿಸಿನೀರಿನಲ್ಲಿ ಕರಗಿದ ಕೊಬ್ಬು ಮುಂದೆ ತಣ್ಣನೆಯ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ತಣ್ಣೀರಿನಲ್ಲಿ ಅದು ಗಟ್ಟಿ ಚೂರುಗಳಾಗಿಯೇ ತೇಲಿಹೋಗುವ ಸಂಭವ ಹೆಚ್ಚು. ಅನ್ನದ ಪಿಷ್ಟ ಅಂಟಾಗಿ ಕೂರುತ್ತದೆ. ಬಾಳೆ ಸಿಪ್ಪೆ, ನುಗ್ಗೆಕಾಯಿಗಳ ನಾರು ಸುತ್ತಿಕೊಳ್ಳುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಇವನ್ನು ಸಿಂಕಿಗೆ ಹಾಕದೆ ಗೊಬ್ಬರದ ಬುಟ್ಟಿಗೆ ಹಾಕುವುದೇ ಲೇಸು.