ಕೇಳಿದವರು, ಹೇಳಿದವರು

ಸಂತೆಗುಳಿಯಿಂದ ಕುಮಟಾ, ಹೊನ್ನಾವರ ದಾಟಿ ಭಟ್ಕಳದವರೆಗಿನ ಈ ನೆಲದ ಬಗ್ಗೆ ಸಿಗುವ ಹಳೆಯ ಬರಹಗಳಲ್ಲಿ ಹೆಚ್ಚು ಹೆಸರಾದವು ಹೊರಗಿನವರು ಬರೆದವು. ಒಬ್ಬ ಮೊರೊಕ್ಕೊದವನು, ಒಬ್ಬ ರೋಮಿನವನು, ಇನ್ನೊಬ್ಬ ಸ್ಕಾಟ್ಲೆಂಡಿನ ವೈದ್ಯ. ಬರೆದವರು ಹೊರಗಿನವರಾದರೂ ಹೇಳಿದವರು ಇಲ್ಲಿಯವರೇ. ಅವರಿಗೆ ಗೊತ್ತಿದ್ದದ್ದನ್ನು ಕೇಳಿ ತಿಳಿದು, ಕೇಳಿದ್ದನ್ನು ಬರೆದಿಟ್ಟ ಒಂದು ಕಸುಬು ಈ ಕರಾವಳಿಯಲ್ಲಿ ಹತ್ತಿರ ಹತ್ತಿರ ಏಳುನೂರು ವರ್ಷಗಳಿಂದ ನಡೆದು ಬಂದಿದೆ. ವಿಶ್ವವಿದ್ಯಾಲಯಗಳು ಈಗ ಇದನ್ನು ಮೌಖಿಕ ಇತಿಹಾಸ ಎನ್ನುತ್ತವೆ. ಪತ್ರಿಕೆಯವರಿಗೆ ಇದು ಸಂದರ್ಶನ.

ಈ ಮೂವರಲ್ಲಿ ಮೊದಲು ಬಂದವನು ಇಬ್ನ್ ಬತೂತ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಅವನು ಅದನ್ನು ‘ಹಿನೌರ್’ ಎಂದು ಕರೆದ. ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ, ಗಂಡುಮಕ್ಕಳಿಗೆ ಇಪ್ಪತ್ತಮೂರು. ಊರಿನ ಹೆಂಗಸರಿಗೆಲ್ಲ ಕುರಾನ್ ಬಾಯಿಪಾಠ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎನ್ನುತ್ತಾನೆ. ಇಲ್ಲಿಯವರು ಶಾಫಿ ಪಂಥದವರು ಎಂಬುದನ್ನೂ ಗುರುತಿಸಿದ. ಭಟ್ಕಳದ ನವಾಯತ ಮುಸ್ಲಿಮರು ಇಂದಿಗೂ ಶಾಫಿಗಳೇ. ಆದರೆ ಅವನ ಪುಸ್ತಕ ಸಿದ್ಧವಾದದ್ದು ಸ್ವದೇಶಕ್ಕೆ ಮರಳಿದ ಮೇಲೆ, 1355ರ ಹೊತ್ತಿಗೆ. ನೆನಪಿನಿಂದ ಅವನು ಹೇಳುತ್ತ ಹೋದ, ಇಬ್ನ್ ಜುಜೈ ಎಂಬ ವಿದ್ವಾಂಸ ಬರೆದುಕೊಂಡ. ಆ ಶಾಲೆಗಳ ಲೆಕ್ಕವನ್ನು ಅವನಿಗೆ ಕೊಟ್ಟವರು ಯಾರು? ಪುಸ್ತಕ ಹೇಳುವುದಿಲ್ಲ.

ನನಗೆ ಹೆಚ್ಚು ಹತ್ತಿರದವನು ಪಿಯೆತ್ರೊ ದೆಲ್ಲಾ ವಾಲ್ಲೆ. 1623ರ ಮಳೆಗಾಲ ಮುಗಿದ ಮೇಲೆ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಅವನು ಗೋವೆಯಿಂದ ಹೊನ್ನಾವರಕ್ಕೆ ಬಂದಿಳಿದ. ಅಲ್ಲಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆ, ಗೇರುಸೊಪ್ಪೆಯಿಂದ ಘಟ್ಟ. ದಾರಿಯುದ್ದಕ್ಕೂ ಕಂಡದ್ದನ್ನು, ಕೇಳಿದ್ದನ್ನೆಲ್ಲ ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊಗೆ ಕಾಗದಗಳಲ್ಲಿ ಬರೆದ. ಹೊಳೆಯ ಎರಡೂ ದಡದ ಹಸಿರನ್ನು ಕಂಡು ಅವನು ಪಟ್ಟ ಸಂತೋಷ ಆ ಕಾಗದದಲ್ಲಿ ಇವತ್ತಿಗೂ ಹಸಿಯಾಗಿದೆ.

ಘಟ್ಟದ ದಾರಿಯ ಒಂದು ದೇವಸ್ಥಾನದ ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಪಾಠ ಹೇಳುತ್ತ ನೆಲದ ಮೇಲೆ ಹರಡಿದ ನುಣುಪು ಮರಳಿನಲ್ಲಿ ಬೆರಳಿನಿಂದ ಬರೆಯುವುದು, ಉಳಿದವರು ಅದನ್ನೇ ಹಾಡಿ ಬರೆಯುವುದು. ಮರಳು ತುಂಬಿದಾಗ ಅಳಿಸಿ, ಹೊಸ ಮರಳು ಚೆಲ್ಲಿ ಮುಂದುವರಿಸುವುದು. ಗುರು ಇರಲಿಲ್ಲ. ಎಷ್ಟೋ ಪ್ರವಾಸಿಗರು ಇದನ್ನು ನೋಡಿ ಮುಂದೆ ಹೋಗಿಬಿಡುತ್ತಿದ್ದರು. ದೆಲ್ಲಾ ವಾಲ್ಲೆ ನಿಂತು ಕೇಳಿದ: ಮರೆತರೆ ತಿದ್ದುವವರು ಯಾರು? ನಾವು ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂಬರ್ಥದ ಉತ್ತರ ಬಂತು. ಆ ಒಂದು ಪ್ರಶ್ನೆ ಬಾರದೆ ಹೋಗಿದ್ದರೆ ನಮಗೆ ಮರಳಿನ ಮೇಲಿನ ಬೆರಳಷ್ಟೇ ಉಳಿಯುತ್ತಿತ್ತು. ಆ ಮಕ್ಕಳು ತಮ್ಮ ಕಲಿಕೆಯನ್ನು ಹೇಗೆ ತಿಳಿದುಕೊಂಡಿದ್ದರು ಎಂಬುದು ಉಳಿಯುತ್ತಿರಲಿಲ್ಲ.

ಇಕ್ಕೇರಿಯಲ್ಲಿ ಅವನು ಇನ್ನೂ ಕಷ್ಟದ ಮಾತಿಗೆ ಕುಳಿತ. ಗಂಡ ತೀರಿಕೊಂಡು ಸಹಗಮನಕ್ಕೆ ನಿಂತಿದ್ದ ಹೆಂಗಸೊಬ್ಬಳ ಮನೆಗೇ ಹೋಗಿ ಅವಳೊಡನೆ ಮಾತಾಡಿದ. ಗಂಡ ಡೋಲು ಬಾರಿಸುವವನು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಬೇಡವೆಂದು ಇವನು ಹೇಳಿ ನೋಡಿದ, ಅವಳು ತನ್ನಿಚ್ಛೆಯಿಂದಲೇ ಎಂದಳು. ಅವಳ ಹೆಸರು ಕೇಳಿ ಬರೆದುಕೊಂಡ. ಅವನ ಇಟಾಲಿಯನ್ ಕಾಗುಣಿತದಲ್ಲಿ ಆ ಹೆಸರು ಜಕ್ಕಮ್ಮ ಎಂಬಂತೆ ಕೇಳಿಸುತ್ತದೆ. ಆ ಕಾಲದ ವಿದೇಶಿ ಬರಹಗಳಲ್ಲಿ ಸತಿಯ ವರ್ಣನೆಗಳು ಬೇಕಾದಷ್ಟಿವೆ. ಬೆಂಕಿ, ವಾದ್ಯ, ಜನಜಂಗುಳಿ ಎಲ್ಲ ಇರುತ್ತದೆ, ಹೆಂಗಸಿಗೆ ಮಾತ್ರ ಹೆಸರಿರುವುದಿಲ್ಲ. ಒಬ್ಬ ಬಡ ಡೋಲಿನವನ ಹೆಂಡತಿ ನಾಲ್ಕುನೂರು ವರ್ಷಗಳ ಆಚೆಯಿಂದ ತನ್ನ ಹೆಸರಿನೊಂದಿಗೆ ನಮ್ಮವರೆಗೆ ಬಂದಿದ್ದಾಳೆ. ಅಂಥವಳ ಎದುರು ಕುಳಿತು ಅವಳ ಹೆಸರನ್ನೂ ಮಾತನ್ನೂ ಬರೆದುಕೊಂಡದ್ದೇ ಅವನ ದೊಡ್ಡತನ ಎಂದು ನಾನು ನಂಬುತ್ತೇನೆ.

ಅವನನ್ನೂ ಎಚ್ಚರದಿಂದಲೇ ಓದಬೇಕು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯ ಅಷ್ಟರಲ್ಲಿ ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯವರ ವಶವಾಗಿತ್ತು. ಪಾಳುಬಿದ್ದ ನಗರವನ್ನು ನೋಡುತ್ತ ದೆಲ್ಲಾ ವಾಲ್ಲೆ ಬರೆದುಕೊಂಡ ಕಥೆಯಲ್ಲಿ ಗೇರುಸೊಪ್ಪೆಯ ರಾಣಿ ಕೀಳು ಕುಲದ ಪರದೇಶಿಯೊಬ್ಬನಿಗೆ ಮನಸೋತು ರಾಜ್ಯ ಕಳೆದುಕೊಳ್ಳುತ್ತಾಳೆ. ಆ ಪಯಣದಲ್ಲಿ ಅವನ ಜೊತೆಗಿದ್ದವರು ಯಾರು? ಪೋರ್ಚುಗೀಸ್ ರಾಯಭಾರಿಯಲ್ಲದೆ, ಗೆದ್ದ ವೆಂಕಟಪ್ಪ ನಾಯಕನ ಕಡೆಯ ದೂತ, ಅವನ ಪರಿವಾರ. ಗೆದ್ದವರ ನಡುವೆ ಕುಳಿತವನ ಕಿವಿಗೆ ಸೋತ ಹೆಂಗಸಿನ ಬಗ್ಗೆ ಬೀಳುವ ಕಥೆ ಹೀಗಿದ್ದರೆ ಆಶ್ಚರ್ಯವಿಲ್ಲ. ಆ ಹಳೆಯ ಗೇರುಸೊಪ್ಪೆ ಇದ್ದ ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಎದುರು ನಿಂತಾಗ, ಅಲ್ಲಿ ಕಾಳುಮೆಣಸು ಬೆಳೆದ ಒಬ್ಬ ರೈತನನ್ನೂ ಅವನು ಕೇಳಿದ್ದರೆ ಎಂದು ನನಗೆ ಅನಿಸದೆ ಇರುವುದಿಲ್ಲ.

ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್‌ನದು ಪೂರ್ತಿ ಬೇರೆ ರೀತಿ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಏನೇನು ವಿಚಾರಿಸಬೇಕು ಎಂದು ಮೊದಲೇ ಬರೆದುಕೊಟ್ಟಿದ್ದ: ಬೆಳೆ, ದನ, ಗೇಣಿ, ಜಾತಿ, ಕಸುಬು. 1801ರ ಆರಂಭದಲ್ಲಿ ಅವನು ಈ ಕರಾವಳಿಗೆ ಬಂದ. ಮೂರು ಸಂಪುಟದ ಪುಸ್ತಕ 1807ರಲ್ಲಿ ಅಚ್ಚಾಯಿತು. ಅಲ್ಲಿ ಇರುವುದು ಆಳಲು ಹೊರಟವರ ಕುತೂಹಲ, ಪ್ರೀತಿಯದ್ದಲ್ಲ. ಆದರೂ ಭಟ್ಕಳದ ಬಗ್ಗೆ ಅವನು ಬರೆದದ್ದನ್ನು ಓದಿದರೆ ಇವತ್ತಿನ ಭಟ್ಕಳವೇ ಕಾಣುತ್ತದೆ. ಆಗ ಐನೂರು ಮನೆ, ಎರಡು ಮಸೀದಿ. ಇಲ್ಲಿಯ ಮುಸ್ಲಿಮರಲ್ಲಿ ಅನೇಕರು ಅನುಕೂಲಸ್ಥರು, ವ್ಯಾಪಾರಕ್ಕೆಂದು ಕರಾವಳಿಯ ಬೇರೆ ಬೇರೆ ಊರಿಗೆ ಹೋಗುತ್ತಾರೆ, ಆದರೆ ಮನೆ ಇಲ್ಲೇ, ಹೆಂಡತಿ ಮಕ್ಕಳನ್ನು ಬಿಟ್ಟು ಹೋಗುವುದೂ ಇಲ್ಲೇ ಎನ್ನುತ್ತಾನೆ. ಊರುಗಳ ಜಾಗದಲ್ಲಿ ದುಬೈ ಎಂದು ಹಾಕಿದರೆ ಉಳಿದದ್ದನ್ನು ಬದಲಿಸಬೇಕಾಗಿಲ್ಲ. ಹವ್ಯಕರನ್ನೂ ಹಳೇಪೈಕರನ್ನೂ ವಿಚಾರಿಸಿ ಬರೆದಿದ್ದಾನೆ. ಆದರೆ ಅವನ ಪುಟಗಳಲ್ಲಿ ಜಾತಿಗೆ ಹೆಸರಿದೆ, ಮಾತಾಡಿದ ಮನುಷ್ಯನಿಗೆ ಹೆಸರು ಸಿಗುವುದು ಅಪರೂಪ.

ಈ ಕಸುಬು ನಮ್ಮವರ ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ, ಹಳ್ಳಿಯ ಅಂಗಳಗಳಲ್ಲಿ ಕುಳಿತು ಹಾಡು, ಕಥೆ, ನಂಬಿಕೆಗಳನ್ನು ಬರೆದುಕೊಂಡರು. ಇವರಿಗೆ ದುಭಾಷಿ ಬೇಕಿರಲಿಲ್ಲ. ಕೇಳುವವರೂ ಹೇಳುವವರೂ ಒಂದೇ ನೆಲದವರಾದಾಗ ಹಾಡುವ ಅಜ್ಜಿಯೇ ಪಂಡಿತೆ. ಅಂಕೋಲಾ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಗೌರವ ಸಂದದ್ದು ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಹೆಂಗಸಿನ ನೆನಪಿಗೆ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಕೊರಳಲ್ಲಿದ್ದದ್ದರಲ್ಲಿ ಎಷ್ಟು ಉಳಿದಿದೆಯೋ ಅಷ್ಟೂ ಯಾರೋ ಹೋಗಿ ಕೇಳಿದ್ದರಿಂದ ಉಳಿದದ್ದು.

ಕೇಳಬೇಕಾದ್ದು ಇನ್ನೂ ಬಹಳಷ್ಟಿದೆ. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಿದ್ದರು. ಕೊಯ್ಲಿಗೆ ತೆನೆ ಮಾತ್ರ ಕತ್ತರಿಸಿ, ಹುಲ್ಲನ್ನು ಮೀನು ಸಿಗಡಿಗೆಂದು ನೀರಿನಲ್ಲೇ ಬಿಡುತ್ತಿದ್ದರು. ಕಟ್ಟೆಯ ಯಾವ ಬಾಗಿಲನ್ನು ಯಾವ ಉಬ್ಬರಕ್ಕೆ ತೆಗೆಯಬೇಕೆಂದು ಬಲ್ಲ ಹಿರಿಯರು ಈಗ ಬೆರಳೆಣಿಕೆ. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಇಲ್ಲಿ ಬೆಳೆಯದಿದ್ದರೂ ಮುಂಬೈ ಪೇಟೆಯಲ್ಲಿ ಅದು ಕುಮಟಾ ಹತ್ತಿಯಾಯಿತು. ಅಜ್ಜ ಮುತ್ತಜ್ಜರಿಂದ ಕೇಳಿದ ಆ ಬಂಡಿಗಳ ಕಥೆ ಯಾವ ಮನೆಯಲ್ಲಿದೆಯೋ? ಶರಾವತಿಗೆ ಸೇತುವೆ ಆಗುವ ಮೊದಲು ದೋಣಿಯಲ್ಲಿ ದಿಬ್ಬಣ ದಾಟಿಸಿದವರು ಎಲ್ಲಿದ್ದಾರೆ?

ಸಂತೆಗುಳಿಯ ಕಾಲೇಜು ಹುಡುಗಿಯೊಬ್ಬಳು ನಾಳೆ ಮೊಬೈಲ್ ಹಿಡಿದು ಹೊರಟರೆ ಅವಳಿಗೆ ಇಷ್ಟು ಹೇಳುತ್ತೇನೆ. ‘ಅಜ್ಜ, ಹಿಂದೆ ಹ್ಯಾಗಿತ್ತು?’ ಎಂದು ಕೇಳಬೇಡ, ಅದಕ್ಕೆ ‘ಚೊಲೋ ಇತ್ತು’ ಎಂಬಷ್ಟೇ ಉತ್ತರ ಬರುತ್ತದೆ. ‘ದೇವಿಮನೆ ಘಟ್ಟ ಹತ್ತುವಾಗ ಕತ್ತಲಾದರೆ ಬಂಡಿ ಎಲ್ಲಿ ಬಿಡ್ತಿದ್ರಿ? ಎತ್ತಿಗೆ ನೀರು ಎಲ್ಲಿ ಸಿಗ್ತಿತ್ತು?’ ಎಂದು ಕೇಳು. ಒಂದೇ ಸಂಗತಿಯನ್ನು ನಾಲ್ಕು ಮನೆಗಳಲ್ಲಿ, ನವಾಯತರ ಮನೆಯಲ್ಲಿ, ಹವ್ಯಕರ ಮನೆಯಲ್ಲಿ, ಹಾಲಕ್ಕಿ ಕೊಪ್ಪದಲ್ಲಿ, ಮೀನುಗಾರರ ಕೇರಿಯಲ್ಲಿ ವಿಚಾರಿಸು. ಉತ್ತರಗಳು ಹೊಂದದಿದ್ದರೆ ಎಲ್ಲವನ್ನೂ ಬರೆದುಕೋ, ಯಾವುದು ಸರಿ ಎಂದು ಅವಸರದಲ್ಲಿ ತೀರ್ಮಾನಿಸಬೇಡ. ಧ್ವನಿಮುದ್ರಣದ ಆರಂಭದಲ್ಲೇ ಅವರ ಒಪ್ಪಿಗೆ ಕೇಳಿ, ಹೆಸರು, ಊರು, ತಾರೀಕು ಅವರ ಬಾಯಲ್ಲೇ ಹೇಳಿಸು. ಒಂದು ಪ್ರತಿಯನ್ನು ನಿನ್ನ ಕಾಲೇಜಿನ ಗ್ರಂಥಾಲಯಕ್ಕೆ ಕೊಡು, ಇನ್ನೊಂದನ್ನು ಹೇಳಿದವರ ಮೊಮ್ಮಕ್ಕಳ ಮೊಬೈಲಿಗೆ ಹಾಕಿ ಬಾ.